ಎಷ್ಟು ಬಿಟ್ಟರೂ ತುಂಬದ ಹೊಂಡ

ನಮ್ಮ ಕೆರೆ ತುಂಬಿದ್ದನ್ನು ನಾನು ಮೊದಲ ಸಲ ನೋಡಿದಾಗ ನನಗೆ ಇಪ್ಪತ್ತು ವರ್ಷ. ಅದಕ್ಕೂ ಮುಂಚೆ ಮಳೆಗಾಲದಲ್ಲಿ ಮೊಣಕಾಲುದ್ದ ನಿಂತು, ಸಂಕ್ರಾಂತಿ ಹೊತ್ತಿಗೆ ಎಮ್ಮೆ ಹೊರಳುವಷ್ಟಾಗಿ, ಶಿವರಾತ್ರಿಗೆ ಬಿರುಕು ಬಿಡುತ್ತಿದ್ದುದನ್ನೇ ಕೆರೆ ಎಂದು ಕರೆಯುತ್ತಿದ್ದೆವು. ತೊಂಬತ್ತರ ದಶಕದ ಕೊನೆಯ ಆ ವರ್ಷ ದಸರಾ ಹೊತ್ತಿಗೆ ಹಿಡಿದ ಮಳೆ ಎಷ್ಟು ದಿನವಾದರೂ ಬಿಡಲಿಲ್ಲ. ಬಿಟ್ಟ ದಿನ ಬೆಳಿಗ್ಗೆ ಹಟ್ಟಿಯಿಂದ ಹೊರಗೆ ಬಂದರೆ ಮೊಳಕಾಲ್ಮೂರಿನ ಕಡೆಯ ಕಲ್ಲುಗುಡ್ಡಗಳು ಮೇಲೊಂದು ಸಾಲು, ನೀರೊಳಗೆ ತಲೆಕೆಳಗಾಗಿ ಇನ್ನೊಂದು ಸಾಲು. ಜನ ಏರಿಯ ಮೇಲೆ ಬಂದು ಕೂತು ಸುಮ್ಮನೆ ನೋಡುತ್ತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಎಚ್ಚರವಾಗಿ ಎಲ್ಲಾ ಮಾಯವಾದೀತು ಎಂಬ ಹೆದರಿಕೆ ನನಗಂತೂ ಇತ್ತು.

ಆ ಕೆರೆಯ ದಂಡೆಯಲ್ಲಿ ಒಂದು ಗುಂಡಿ ತೋಡುತ್ತಿದ್ದರು. ದುಂಡಗಿನ, ಮೂವತ್ತು ಅಡಿ ಆಳಕ್ಕೆ ಹೋಗಬೇಕಾದ ಗುಂಡಿ. ಸುತ್ತಲಿನ ಹಳ್ಳಿಗಳಿಗೆಲ್ಲ ಕುಡಿಯುವ ನೀರು ಕೊಡಲು ಅಲ್ಲೊಂದು ಜಾಕ್‌ವೆಲ್ ಏಳಬೇಕಿತ್ತು: ಕೆರೆಗಿಂತ ಆಳದ ಬಾವಿ, ಕೆರೆಯಿಂದ ಅದಕ್ಕೊಂದು ಪೈಪು, ಬಾವಿಯ ಮೇಲೆ ಪಂಪಿನ ಕೋಣೆ. ಮುಗಿದ ಮೇಲೆ ಅದರಲ್ಲಿ ಸದಾ ನೀರಿರಬೇಕು. ಆದರೆ ತಳಕ್ಕೆ ಕಾಂಕ್ರೀಟು ಹಾಕಿ, ಸುತ್ತ ಕಲ್ಲು ಕಟ್ಟಿ ಮೇಲೆ ಬರುವ ತನಕ ಒಂದು ಹನಿಯೂ ನಿಲ್ಲಬಾರದು. ತುಂಬಿದ ಕೆರೆಯ ಮಗ್ಗುಲಲ್ಲಿ ನೆಲವನ್ನು ಒಣಗಿಸಿಟ್ಟುಕೊಳ್ಳುವುದು ಎಂಥ ಕೆಲಸವೆಂದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದವರು ಒಬ್ಬರೇ, ಮೇಸ್ತ್ರಿ. ರಾಂಪುರದ ಆಚೆಯ ಊರಿನವರು. ಅರವತ್ತು ದಾಟಿದ ಒಣಕಲು ಮನುಷ್ಯ, ಮಾತಿನಲ್ಲಿ ಅರ್ಧ ತೆಲುಗು. ಮೀಸೆ ಮೂಡುವ ಮೊದಲೇ ಬಾವಿಗೆ ಇಳಿದವರು, ಇಳಿಯುತ್ತಲೇ ಮುದುಕರಾದವರು. ನಾವೆಲ್ಲ ಅವರನ್ನು ಮೇಸ್ತ್ರಿ ತಾತ ಎನ್ನುತ್ತಿದ್ದೆವು. ಕೆರೆ ಬರಿದಾಗಿದ್ದ ಬೇಸಿಗೆಯಲ್ಲೇ ಅವರು ಕೆರೆಗೂ ಗುಂಡಿಗೂ ನಡುವೆ ಬಿಲ್ಲಿನ ಹಾಗೆ ಬಾಗಿದ ಒಂದು ಕಂದಕ ತೋಡಿಸಿದ್ದರು. ಮೇಲಿನ ಮರಳು ಮುಗಿದು ಗಟ್ಟಿ ನೆಲ ಸಿಗುವ ತನಕ ತೋಡಿ, ಅದರೊಳಗೆ ಕೆರೆಯಂಗಳದ ಜೇಡಿಮಣ್ಣನ್ನು ಗೇಣೆತ್ತರ ಹರಡಿ, ನೀರು ಚಿಮುಕಿಸಿ, ಚೆನ್ನಾಗಿ ತುಳಿಸುವುದು. ಅದರ ಮೇಲೆ ಇನ್ನೊಂದು ಗೇಣು. ಹೀಗೆ ನೆಲದೊಳಗೆ ಒಂದು ಜೇಡಿಯ ಗೋಡೆ ಏಳುತ್ತದೆ, ಕೆರೆ ನೀರು ಅದನ್ನು ದಾಟುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ತುಳಿಯಲು ಹೋದದ್ದು ನಮ್ಮ ಕುರಿಗಳು. ಕಂದಕದ ಒಂದು ತುದಿಯ ಇಳಿಜಾರಿನಲ್ಲಿ ಮಂದೆಯನ್ನು ಇಳಿಸಿ, ಇನ್ನೊಂದು ತುದಿಯಲ್ಲಿ ಹತ್ತಿಸಿ, ಸುತ್ತು ಹಾಕಿಸಿ ಮತ್ತೆ ಇಳಿಸುತ್ತಿದ್ದೆವು. ಅವ್ವ ಮುಂದೆ, ನಾನು ಹಿಂದೆ. ಎಮ್ಮೆ ಯಾಕೆ ಬೇಡ ಎಂದು ಕೇಳಿದ್ದಕ್ಕೆ ತಾತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಮ್ಮೆ ಪಾದ ಅಗಲ ಅಮ್ಮಾಯಿ, ಮ್ಯಾಲೆ ಮ್ಯಾಲೆ ತುಳಿತೈತೆ. ಕುರಿ ಗೊರಸು ಚೂಪು, ಮಣ್ಣಿನ ಹೊಟ್ಟೆಗೆ ಇಳಿತೈತೆ" ಎಂದರು.

ಕಂಟ್ರಾಕ್ಟರ ಕಡೆಯ ಇಂಜಿನಿಯರು ಕರಾವಳಿಯ ಹುಡುಗ, ಇನ್ನೂ ಮೂವತ್ತಾಗಿರಲಿಲ್ಲ. ಅವರು ಇದನ್ನು ನೋಡಿ ಬಿದ್ದು ಬಿದ್ದು ನಕ್ಕರು. ಆಮೇಲೆ ನಗು ನಿಲ್ಲಿಸಿ, ತಮ್ಮ ಪುಸ್ತಕದಲ್ಲೂ ಕುರಿಪಾದದ ಹೆಸರಿನ ಒಂದು ಕಬ್ಬಿಣದ ರೋಲರ್ ಇದೆ ಎಂದು ತಾವೇ ಒಪ್ಪಿಕೊಂಡರು. ನನಗೆ ಆ ವಯಸ್ಸಿನಲ್ಲಿ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ನಕ್ಕವರನ್ನು ಕ್ಷಮಿಸಲು ಅಷ್ಟು ಸಾಕಾಗಲಿಲ್ಲ.

ಮಳೆ ಬಂದು ಕೆರೆ ತುಂಬಿದಾಗ ಗುಂಡಿ ಹದಿನೈದು ಅಡಿಗೆ ಇಳಿದಿತ್ತು. ಇನ್ನೊಂದೆರಡು ಅಡಿ ಹೋಗುತ್ತಲೇ ನೀರು ಒಸರತೊಡಗಿತು. ಎರಡು ಡೀಸೆಲ್ ಪಂಪುಗಳು ಬಂದವು. ಗುಂಡಿಯ ತಳದ ಒಂದು ಬದಿಯಲ್ಲಿ ಸಣ್ಣ ತಗ್ಗು ಮಾಡಿ ನೀರನ್ನೆಲ್ಲ ಅಲ್ಲಿಗೆ ಕೂಡಿಸಿ, ಹಗಲೂ ರಾತ್ರಿ ಎತ್ತಿ, ಉದ್ದದ ಕ್ಯಾನ್ವಾಸ್ ಪೈಪಿನಲ್ಲಿ ದೂರದ ಹಳ್ಳಕ್ಕೆ ಬಿಡಬೇಕು. ಹತ್ತನೇ ತರಗತಿ ಪಾಸಾಗಿದ್ದ ನನಗೆ ಅಲ್ಲೊಂದು ಕೆಲಸ ಸಿಕ್ಕಿತು. ತಗ್ಗಿನಲ್ಲಿ ಗುರುತು ಹಾಕಿ ನಿಲ್ಲಿಸಿದ ಬಿದಿರಿನ ಕೋಲನ್ನು ನೋಡಿ, ಗಂಟೆಗೊಮ್ಮೆ ನೀರಿನ ಮಟ್ಟವನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ದಿನಕ್ಕೆರಡು ಸಲ ಪೈಪಿನ ಗುಂಟ ನಡೆದು, ಎಲ್ಲಾದರೂ ಕಿತ್ತುಹೋಗಿದೆಯೇ, ಕಸ ಕಟ್ಟಿಕೊಂಡಿದೆಯೇ ಎಂದು ನೋಡಿ ಬರುವುದು. ರಾತ್ರಿಯ ಮಟ್ಟ ಬರೆಯಲು ಯಾರೂ ಇರಲಿಲ್ಲ.

ಆ ಮಧ್ಯಾಹ್ನಗಳನ್ನು ಈಗ ನೆನೆದರೂ ಕಣ್ಣು ಎಳೆಯುತ್ತದೆ. ಪಂಪಿನ ಡಬಡಬ ಸದ್ದು ಸ್ವಲ್ಪ ಹೊತ್ತಿಗೆ ಕಿವಿಗೆ ಕೇಳುವುದು ನಿಂತು ಎದೆಯೊಳಗೆ ಶುರುವಾಗುತ್ತಿತ್ತು. ಗುಂಡಿಗೆ ಇಳಿಯುವ ದಾರಿಯ ಅರ್ಧದಲ್ಲಿ ಒಂದು ಕಲ್ಲಿನ ಮೇಲೆ ನಾನು ಕೂರುತ್ತಿದ್ದೆ. ನನ್ನ ತಲೆಯ ಮಟ್ಟಕ್ಕಿಂತ ಮೇಲೆ, ಮಣ್ಣಿನ ಆಚೆಗೆ, ಕೆರೆ ನಿಂತಿದೆ ಎಂಬ ಯೋಚನೆ ಬಂದರೆ ಮೈ ಹಗುರಾಗುತ್ತಿತ್ತು. ಮೀನುಗಳು ನನ್ನ ಕಿವಿಯ ಪಕ್ಕದಲ್ಲೇ ಓಡಾಡುತ್ತಿರಬೇಕು. ನಾನು ಕೆರೆಯ ಅಡಿಯಲ್ಲಿ ಕೂತಿದ್ದೇನೆ, ಒದ್ದೆಯಾಗಿಲ್ಲ. ಎಷ್ಟೋ ಸಲ ಅಲ್ಲೇ ತೂಕಡಿಸಿ, ಗಂಟೆ ಮೀರಿ ಎದ್ದು, ಹಿಂದಿನ ಮಟ್ಟಕ್ಕೂ ಈಗಿನದಕ್ಕೂ ನಡುವಿನದೊಂದನ್ನು ಅಂದಾಜಿನಲ್ಲಿ ಬರೆದದ್ದೂ ಉಂಟು.

ಆದರೆ ಪೈಪಿನ ತುದಿಗೆ ಹೋದರೆ ಹೊಟ್ಟೆ ಉರಿಯುತ್ತಿತ್ತು. ತಣ್ಣನೆಯ ತಿಳಿನೀರು ಹಳ್ಳದ ಕಲ್ಲುಗಳ ನಡುವೆ ಬಿದ್ದು, ಜಾಲಿಮುಳ್ಳಿನ ಬುಡದಲ್ಲಿ ನುಗ್ಗಿ, ಎಲ್ಲಿಯೋ ಹೋಗುತ್ತಿತ್ತು. ಆ ಜಾಗ ಕಡಿದಾದದ್ದು, ಕುರಿ ಇಳಿಯುವಂತಿರಲಿಲ್ಲ. ಒಂದು ಕೊಡ ನೀರಿಗೆ ಅರ್ಧ ದಿನ ಕಾದು ಬೆಳೆದವಳು ನಾನು. ಪಾತ್ರೆ ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಹಾಕದೆ ಅಂಗಳಕ್ಕೆ ಚೆಲ್ಲಿದ್ದಕ್ಕೆ ಅವ್ವನ ಕೈಯಲ್ಲಿ ಏಟು ತಿಂದವಳು. ಇಲ್ಲಿ ಹೊಳೆಯಷ್ಟು ನೀರನ್ನು ಡೀಸೆಲ್ ಸುಟ್ಟು ಚೆಲ್ಲುತ್ತಿದ್ದಾರೆ!

ಇದನ್ನು ಇಂಜಿನಿಯರಿಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ನಮ್ಮ ಊರಲ್ಲಿ ನೀರನ್ನು ಓಡಿಸುವುದೇ ಕೆಲಸ ಮಾರಾಯ್ತಿ. ಹೋಗುವ ನೀರಿಗೆ ಎಂತ ಅಳುವುದು?" ಎಂದರು.

ಅದೇ ವಾರ ನಮ್ಮ ಒಂದು ಗಬ್ಬದ ಕುರಿ ಕೆರೆಯಂಚಿನ ಕೆಸರಿನಲ್ಲಿ ಹೂತು ಸತ್ತಿತು. ಹೊಸ ನೀರು ಬಂದ ಕೆರೆ, ಅಂಚೆಲ್ಲ ಆಳದ ಹೂಳು. ನೀರು ಕುಡಿಯಲು ಹೋದ ಕುರಿ ಎದೆಯ ತನಕ ಇಳಿಯಿತು. ಎಳೆಯಲು ಹೋದ ಅವ್ವನೂ ಸೊಂಟದ ತನಕ ಇಳಿದಳು. ಅವಳನ್ನು ಎಳೆದುಕೊಳ್ಳುವಷ್ಟರಲ್ಲಿ ಕುರಿ ಹೋಯಿತು. ಕಣ್ಣೆದುರು ಸಮುದ್ರದಷ್ಟು ನೀರು, ಮಂದೆಗೆ ಬಾಯಾರಿಕೆ.

ಆಗ ನನಗೆ ಆ ಹೊಂಡ ಕಾಣಿಸಿತು. ಗುಂಡಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಹೊಲದ ಕಡೆಗೆ, ಅಗೆದು ಹಾಕಿದ ಮಣ್ಣಿನ ದಿಬ್ಬದ ಹಿಂದೆ, ಹಿಂದೆಂದೋ ಯಾರೋ ಮರಳು ತೆಗೆದ ತಗ್ಗು. ಸುತ್ತ ಜಾಲಿ ಬೆಳೆದು ಮರೆಯಾಗಿತ್ತು. ಪೈಪು ಅದರ ಪಕ್ಕದಲ್ಲೇ ಹೋಗುತ್ತಿತ್ತು. ಎರಡು ಪೈಪುಗಳನ್ನು ಕೂಡಿಸಿ ತಂತಿ ಬಿಗಿದ ಜಾಗವೂ ಅಲ್ಲೇ. ಇಂಜಿನಿಯರು ಬೆಳಿಗ್ಗೆ ಚಳ್ಳಕೆರೆಯಿಂದ ಜೀಪಿನಲ್ಲಿ ಬಂದು ಮಧ್ಯಾಹ್ನ ಊಟದ ಹೊತ್ತಿಗೆ ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಜೀಪಿನ ಧೂಳು ಅಡಗಿದ ಮೇಲೆ ನಾನೂ ಅವ್ವನೂ ತಂತಿ ಬಿಚ್ಚಿ ನೀರನ್ನು ಹೊಂಡಕ್ಕೆ ಬಿಡುತ್ತಿದ್ದೆವು. ಬೆಳಿಗ್ಗೆ ಅವರು ಬರುವ ಮುಂಚೆ ಮತ್ತೆ ಕೂಡಿಸಿ ಹಳ್ಳಕ್ಕೆ ಹಚ್ಚುತ್ತಿದ್ದೆವು.

ಕುರಿಗಳು ದುಂಡಗೆ ನಿಂತು ತಲೆ ತಗ್ಗಿಸಿ ಕುಡಿಯುವ ಸದ್ದು ಎಷ್ಟು ಚೆಂದ. ಅವ್ವ ನೀರಲ್ಲಿ ಕಾಲು ಇಳಿಬಿಟ್ಟು ಕೂತು, ಸೀರೆ ನೆನೆದರೂ ಎತ್ತಿಕೊಳ್ಳದೆ, ಕಣ್ಣು ಮುಚ್ಚುತ್ತಿದ್ದಳು. ನನ್ನ ಜೀವನದಲ್ಲಿ ಅವಳು ಕೆಲಸವಿಲ್ಲದೆ ಕೂತದ್ದು ನೋಡಿದ್ದು ಆ ದಿನಗಳಲ್ಲಿ ಮಾತ್ರ. ಹೊಂಡದ ಇನ್ನೊಂದು ಗುಣವೂ ನನಗೆ ಇಷ್ಟವಾಗಿತ್ತು. ಎಷ್ಟು ಬಿಟ್ಟರೂ ಅದು ತುಂಬಿ ಹರಿಯುತ್ತಿರಲಿಲ್ಲ. ಮೊಣಕಾಲುದ್ದಕ್ಕೆ ಬಂದು ಅಲ್ಲೇ ನಿಲ್ಲುತ್ತಿತ್ತು. ಎಂಥ ಒಳ್ಳೆಯ ಹೊಂಡ ಎಂದುಕೊಂಡೆ. ಬೇರೆ ಸೀಮೆಯ ಹುಡುಗಿಯಾಗಿದ್ದರೆ ಆ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳುತ್ತಿದ್ದಳು. ನಾನು ಕೇಳಲಿಲ್ಲ. ನಮ್ಮ ನೆಲ ನೀರನ್ನು ಕುಡಿಯುತ್ತದೆ, ಕುಡಿದದ್ದನ್ನು ಎಂದೂ ವಾಪಸು ಕೊಡುವುದಿಲ್ಲ. ಹುಟ್ಟಿದಾಗಿನಿಂದ ನಾನು ನೋಡಿದ್ದು ಅಷ್ಟೇ.

ಅತ್ತ ಗುಂಡಿಯಲ್ಲಿ ನೀರು ಇಳಿಯಲೊಲ್ಲದು. ಎರಡು ಪಂಪಿಗೆ ಮೂರನೆಯದು ಸೇರಿತು. ಹೊಲದ ಕಡೆಯ ಗೋಡೆಯಿಂದ ಮಣ್ಣು ಹೆಂಟೆ ಹೆಂಟೆಯಾಗಿ ಕಳಚಿ ಬೀಳತೊಡಗಿದಾಗ ಆಳುಗಳನ್ನು ಮೇಲೆ ಕರೆಸಿದರು. ಅಲ್ಲಿ ಮರಳಿನ ಚೀಲ ಒಟ್ಟಿ, ಸಂದಿಗೆ ಜಲ್ಲಿ ತುಂಬಿದರು. ಮಾರನೆಯ ದಿನ ಚೀಲಗಳೇ ಉಬ್ಬಿ ಮುಂದಕ್ಕೆ ಬಂದವು. ಇಂಜಿನಿಯರು ತಾತನ ಜೇಡಿಗೋಡೆಯ ಮೇಲೆ ಬೆರಳು ತೋರಿಸಿದರು.

"ಕೆರೆ ಕಡೆ ಮಗ್ಗಲು ಒಣಗೈತೆ ಸಾರ್, ಒಸರ್ತಿರೋದು ಹೊಲದ ಕಡೆ" ಎಂದರು ತಾತ.

"ಅದೇ ನಾನೂ ಹೇಳುವುದು. ಗೋಡೆಯ ತುದಿಯಲ್ಲಿ ನೀರು ಸುತ್ತಿ ಬಳಸಿ ಹಿಂದಿನಿಂದ ಬರ್ತಾ ಉಂಟು. ಒಂದೋ ಗೋಡೆ ಗಿಡ್ಡ ಆಗಿದೆ, ಇಲ್ಲ ಆ ಬಡಗಣ ಮೂಲೆಯಲ್ಲಿ ಗಟ್ಟಿ ನೆಲ ಮುಟ್ಟಿಲ್ಲ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೊಂಡದ ಸಂಗತಿ ಗೊತ್ತಿಲ್ಲದ ಯಾರೇ ಆದರೂ ಹಾಗೇ ಯೋಚಿಸಬೇಕು. ತಾತ ಮೊದಮೊದಲು ನಕ್ಕು, "ನೆಲ ಮುಟ್ಟದೆ ನಾನು ಮ್ಯಾಲೆ ಬಂದಿದ್ದೇ ಇಲ್ಲ" ಎನ್ನುತ್ತಿದ್ದರು. ಆಮೇಲೆ ನಗುವುದು ಬಿಟ್ಟರು.

ನನಗೆ ತಿಳಿದದ್ದು ಹೀಗೆ. ಉಣ್ಣೆ ಕತ್ತರಿಸಲು ಅವ್ವ ಮಂದೆಯನ್ನು ಎರಡು ದಿನ ನಮ್ಮ ಸೋದರಮಾವನ ಊರಿಗೆ ಹೊಡೆದುಕೊಂಡು ಹೋದಳು. ಆ ಎರಡು ದಿನ ನಾನು ಪೈಪು ಬಿಚ್ಚಲಿಲ್ಲ. ನೋಟ್‌ಬುಕ್ಕಿನಲ್ಲಿ ನೀರಿನ ಮಟ್ಟ ಸರಸರ ಇಳಿಯಿತು. ಮಂದೆ ವಾಪಸು ಬಂದ ಮಧ್ಯಾಹ್ನ ಬಿಚ್ಚಿದೆ. ಮಾರನೆಯ ಬೆಳಿಗ್ಗೆ ಮಟ್ಟ ಏರಿ ಕೂತಿತ್ತು. ಪುಟಗಳನ್ನು ಹಿಂದಕ್ಕೆ ತಿರುವಿದೆ. ಪ್ರತಿ ಮಧ್ಯಾಹ್ನಕ್ಕೆ ಇಳಿದದ್ದು, ಪ್ರತಿ ಬೆಳಗಿಗೆ ಏರಿದ್ದು, ನನ್ನದೇ ಅಕ್ಷರದಲ್ಲಿ, ಮೂರು ವಾರದಿಂದ. ಮೂರು ಪಂಪು ಸೇರಿ ಒಂದೇ ನೀರನ್ನು ಎತ್ತುತ್ತಿದ್ದವು, ನಾನು ಅದನ್ನೇ ಹೊಂಡದ ಮೂಲಕ ತಿರುಗಿ ಗುಂಡಿಗೆ ಬಿಡುತ್ತಿದ್ದೆ.

ಅವ್ವನಿಗೆ ಹೇಳಿದೆ. "ನಿನ್ ತಲೆ. ಈ ನೆಲದಾಗೆ ಬಿದ್ದ ನೀರು ಎಲ್ಲಾದ್ರೂ ಎದ್ದು ಬಂದಿದ್ದು ಕಂಡೀಯೇನು?" ಎಂದಳು. ನನಗೆ ನಂಬಿಕೆ ಬರಲಿಲ್ಲ, ಆದರೂ ಹೂಂ ಎಂದೆ. ಕೆಸರಲ್ಲಿ ಹೂತ ಕುರಿಯ ಕಣ್ಣು ನೆನಪಾಗುತ್ತಿತ್ತು. ಕೆಲಸ ಹೋದೀತೆಂಬ ಭಯವೂ ಇತ್ತು. ಸುಮ್ಮನಿದ್ದರೆ ಇಂಜಿನಿಯರೇ ಏನಾದರೂ ದಾರಿ ಹುಡುಕಿಯಾರು ಎಂಬ ಸೋಮಾರಿ ಆಸೆ. ಹೀಗೆ ತಿಳಿದೂ ತಿಳಿದೂ ಎಂಟು ದಿನ ಪೈಪು ಬಿಚ್ಚಿದೆ. ಈ ಎಂಟು ದಿನಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ.

ಆ ದಿನಗಳಲ್ಲಿ ತಾತ ಊಟ ಬಿಟ್ಟು ಗೋಡೆಯ ಮೇಲೆ ನಡೆಯುತ್ತಿದ್ದರು. ಹೂತು ಹೋದ ಗೋಡೆ, ಮೇಲೆ ಕಾಣುತ್ತಿದ್ದದ್ದು ಒಂದು ಕರಿಯ ಗೆರೆ ಅಷ್ಟೆ. ಆ ಗೆರೆಯ ಮೇಲೆ ಅತ್ತ ಹೋಗಿ ಇತ್ತ ಬಂದು, ಬಡಗಣ ಮೂಲೆಗೆ ಬಂದಾಗ ನಿಂತು, ಹಾರೆ ಊರಿ ನೋಡಿ, ತಲೆ ಆಡಿಸಿ ಮುಂದೆ ಹೋಗುತ್ತಿದ್ದರು. ಜತೆಯ ಆಳುಗಳು ಅವರನ್ನು ಏನೂ ಕೇಳುವುದನ್ನು ನಿಲ್ಲಿಸಿದ್ದರು. ಬಿಸಿಲಿನಲ್ಲಿ ದೂರದಿಂದ ನೋಡಿದರೆ ತಾತ ನೀರಿನ ಮೇಲೆಯೇ ನಡೆಯುತ್ತಿರುವ ಹಾಗೆ ಕಾಣುತ್ತಿತ್ತು. ನಾನು ಕಲ್ಲಿನ ಮೇಲೆ ಕೂತು ಅದನ್ನು ನೋಡುತ್ತಿದ್ದೆ, ಗಂಟೆಗೊಮ್ಮೆ ಮಟ್ಟ ಬರೆಯುತ್ತಿದ್ದೆ.

ಒಂಬತ್ತನೆಯ ಬೆಳಿಗ್ಗೆ ಇಂಜಿನಿಯರು ಗುಂಡಿಯಂಚಿನಲ್ಲಿ ನಿಂತು, ನಾಳೆ ಗೋಡೆ ಅಗೆಸಿ ಕಬ್ಬಿಣದ ತಗಡು ಇಳಿಸುತ್ತೇವೆ, ನೀವು ಊರಿಗೆ ಹೊರಡಿ ಎಂದು ತಾತನಿಗೆ ಹೇಳಿದರು. ಬೈಯಲಿಲ್ಲ, ಮೆತ್ತಗೇ ಹೇಳಿದರು. ತಾತ ಜಗಳ ತೆಗೆಯುತ್ತಾರೆ ಎಂದುಕೊಂಡೆ. ತೆಗೆಯಲಿ ಎಂದು ಬೇಡಿಕೊಂಡೆ.

ತಾತ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದರು. "ಅದು ಹಂಗೇ ಇರಬೌದು ಸಾರ್. ಆ ಮೂಲ್ಯಾಗೆ ಗಟ್ಟಿ ಸಿಕ್ತು ಅಂತ ಮಾಡಿದ್ದೆ. ಸಿಕ್ಕಿರ್ಲಿಲ್ಲೇನೋ. ವಯಸ್ಸಾತು. ತಪ್ಪು ನಂದೇ" ಎಂದರು.

ನನ್ನ ಕಿವಿಯಲ್ಲಿ ಪಂಪಿನ ಸದ್ದು ನಿಂತುಹೋಯಿತು. "ಇಲ್ಲ" ಎಂದೆ. ಯಾರಿಗೂ ಕೇಳಲಿಲ್ಲ. ಕಿರುಚಿದೆ. "ಇಲ್ಲ ಸಾರ್! ಗೋಡೆ ನೆಟ್ಟಗೈತೆ. ನೀರು ಬಿಡ್ತಿರೋದು ನಾನು." ನೋಟ್‌ಬುಕ್ಕನ್ನು ಅವರ ಕೈಗೆ ತುರುಕಿ, ದಿಬ್ಬದ ಹಿಂದಕ್ಕೆ ಕರೆದುಕೊಂಡು ಹೋಗಿ ಹೊಂಡ ತೋರಿಸಿದೆ. ಅವ್ವ ಅಲ್ಲೇ ಇದ್ದಳು. ಇಂಜಿನಿಯರ ಮುಖ ಕೆಂಪಾಗಿತ್ತು. ಅವ್ವನೇ ಮೊದಲು ಮಾತಾಡಿದ್ದು.

"ಇಷ್ಟು ನೀರು ಹಳ್ಳಕ್ಕೆ ಚೆಲ್ಲಾಕೆ ನಿಮಗೆ ಮನಸಾದ್ರೂ ಹೆಂಗ್ ಬಂತು ಸಾಮಿ?" ಎಂದು ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದಳು.

ಇಂಜಿನಿಯರು ನನ್ನ ಮಾತನ್ನು ಹಾಗೇ ನಂಬಲಿಲ್ಲ. ಜೀಪು ಕಳಿಸಿ ಮೊಳಕಾಲ್ಮೂರಿನಿಂದ ರೇಷ್ಮೆ ನೂಲಿಗೆ ಹಾಕುವ ಬಣ್ಣ ತರಿಸಿದರು, ಕೆಂಪು ಒಂದು, ನೀಲಿ ಒಂದು. ಕುರಿಗಳನ್ನು ದೂರ ಹೊಡೆಸಿ, ಕೆಂಪನ್ನು ಹೊಂಡದ ನೀರಿಗೆ ಕಲಸಿದರು. ಜೇಡಿಗೋಡೆಯ ಆಚೆ, ಕೆರೆಯ ಕಡೆಗೆ, ಬಡಗಣ ಮೂಲೆಯಲ್ಲಿ ಒಂದು ಚಿಕ್ಕ ಕುಣಿ ತೋಡಿಸಿ ಅದರೊಳಗೆ ನೀಲಿ ಸುರಿದರು. ಒಂದು ಗಳಿಗೆ ಹೊಂಡ ಮದುವೆ ಸೀರೆ ಹಾಸಿದ ಹಾಗಿತ್ತು.

ಮರುದಿನ ಬೆಳಿಗ್ಗೆ ಎಲ್ಲರೂ ಗುಂಡಿಯ ಸುತ್ತ ನಿಂತಿದ್ದೆವು. ಹೊಲದ ಕಡೆಯ ಮರಳಿನಿಂದ ತೆಳ್ಳಗೆ, ಗುಲಾಬಿ ಬಣ್ಣದ ನೀರು ಇಳಿಯುತ್ತಿತ್ತು. ತಗ್ಗಿನಲ್ಲಿ ಅದು ನಿಂತು, ಬೆಳಗಿನ ಬಿಸಿಲಿಗೆ ಗುಂಡಿಯ ತಳವೆಲ್ಲ ಮುಂಜಾವದ ಆಕಾಶದ ಬಣ್ಣಕ್ಕೆ ತಿರುಗಿತ್ತು. ಇಷ್ಟು ಚೆಲುವಾದ ಅಪರಾಧವನ್ನು ನಾನು ಮತ್ತೆ ನೋಡಿಲ್ಲ. ಕೆರೆ ಕಡೆಯ ಮಗ್ಗಲು ಒಣಗಿತ್ತು. ನೀಲಿ ಅಂದೂ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಪೈಪು ಹಳ್ಳಕ್ಕೇ ಹೋಗತೊಡಗಿದ ಮೇಲೆ ನಾಲ್ಕು ದಿನಕ್ಕೆ ಒಂದೇ ಪಂಪು ಸಾಕಾಯಿತು.

ಇಂಜಿನಿಯರು ಎಲ್ಲರೆದುರು ತಾತನ ಕೈ ಹಿಡಿದುಕೊಂಡು ತಪ್ಪಾಯಿತು ಎಂದರು. ನನ್ನ ನೋಟ್‌ಬುಕ್ಕು ತಾವೇ ಇಟ್ಟುಕೊಂಡವರು, ಬರೆಯಲು ಬೇರೆ ಯಾರೂ ಸಿಗದೆ ಎರಡು ದಿನಕ್ಕೆ ವಾಪಸು ಕೊಟ್ಟರು. ಹಳ್ಳದ ತಲೆಯಲ್ಲಿ, ಕುರಿಗಳಿಗೆ ನಿಲುಕುವ ಕಡೆ, ಒಂದು ಸಿಮೆಂಟು ರಿಂಗು ಇಡಿಸಿ ಪೈಪನ್ನು ಅದರೊಳಗೆ ಹಾಯಿಸಿದರು. ಅವ್ವ ಅವರಿಗೆ ಒಂದು ಚೊಂಬು ಕುರಿಹಾಲು ಕೊಟ್ಟಳು; ಅವರು ಮುಖ ಕಿವುಚಿಕೊಂಡು ಕುಡಿದರು. ಎಲ್ಲ ಸರಿಹೋಯಿತು ಎಂದು ನನಗೆ ಅನಿಸಿತು. ತಾತ ನನಗೆ ಒಂದು ಒಳ್ಳೆಯ ಮಾತು ಹೇಳಬಹುದೆಂದು ಕಾದೆ ಕೂಡ.

ಅವರು ಮಾತಾಡಿದ್ದು ತಳದ ಕಾಂಕ್ರೀಟು ಬಿದ್ದು, ಸುತ್ತ ಕಲ್ಲು ಕಟ್ಟುವುದು ಶುರುವಾದ ಮೇಲೆ. ನಾನು ಕೆಳಗೆ ಇಳಿದು ಅವರ ಹತ್ತಿರ ನಿಂತಿದ್ದೆ. ನಾನೇ ಬಾಯಿಬಿಟ್ಟು, "ತಪ್ಪಾತು ತಾತ. ಗೋಡೆ ಗಟ್ಟಿ ಐತೆ ಅಂತ ನಿಮಗಂತೂ ಗೊತ್ತಿತ್ತಲ್ಲ" ಎಂದೆ.

"ಇಲ್ಲಮ್ಮಾಯಿ, ಗೊತ್ತಿರ್ಲಿಲ್ಲ" ಎಂದರು. ಕೈಯಲ್ಲಿದ್ದ ಕಲ್ಲನ್ನು ತಿರುಗಿಸಿ ನೋಡುತ್ತಾ ಹೇಳಿದರು. "ಸಾರ್ ಮುಂದೆ ತಪ್ಪು ನಂದೇ ಅಂದ್ನಲ್ಲ, ಅದು ಜಗಳ ಬ್ಯಾಡ ಅಂತ ಅಂದಿದ್ದಲ್ಲ. ನಂಬ್ಕೊಂಡೇ ಅಂದಿದ್ದು. ಮೊದಲ್ನೇ ವಾರ ನಂಬ್ಲಿಲ್ಲ, ಎರಡ್ನೇ ವಾರಾನೂ ನಂಬ್ಲಿಲ್ಲ. ಕೊನೇ ಎಂಟು ದಿನದಾಗೆ ನಂಬಿದೆ."

ಅದೇ ಎಂಟು ದಿನ. ನಾನು ಕಲ್ಲಿನ ಮೇಲೆ ಕೂತು ಅವರು ನಡೆಯುವುದನ್ನು ನೋಡಿದ ಎಂಟು ದಿನ. ಅವರಿಗೆ ಆ ಲೆಕ್ಕ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಅಲ್ಲಿಯವರೆಗೆ ತಾತ ಕಲ್ಲಿಡುವಾಗ ಒಂದು ಕಣ್ಣು ಮುಚ್ಚಿ ನೋಡಿದರೆ ಮುಗಿಯಿತು, ಯಾರನ್ನೂ ಕೇಳುತ್ತಿರಲಿಲ್ಲ ಎಂದು ಅವರ ಆಳುಗಳು ಹೇಳುತ್ತಿದ್ದರು. ಈಗ ಪ್ರತಿ ಸಾಲಿಗೂ ಮೇಲಿಂದ ಗುಂಡು ಕಟ್ಟಿದ ದಾರ ಇಳಿಬಿಟ್ಟು, ಹಿಂದೆ ಸರಿದು, ಮುಂದೆ ಬಂದು, ಕಡೆಗೆ ಏನೂ ತಿಳಿಯದ ನನ್ನ ಕಡೆ ತಿರುಗುತ್ತಿದ್ದರು.

"ನೆಟ್ಟಗೈತಾ ನೋಡಮ್ಮಾಯಿ."

"ನೆಟ್ಟಗೈತೆ ತಾತ."

ಅವರು ತಲೆ ಆಡಿಸಿ, ಮತ್ತೊಂದು ಸಲ ದಾರ ಇಳಿಬಿಡುತ್ತಿದ್ದರು.